ದಸರಾ ಮುಗಿದ ಮೇಲೆ ಕಾರಿನಲ್ಲಿ ಹೋಗೋಕೆ ನಮ್ಮ ಕಡೆ ಯಾವ ಗುಡ್ಡದ ದಾರಿ ಚೆಂದ?

ಅಪ್ಪನ ಕೆರೆ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಅಕ್ಕ, ಮಾವ, ಮಕ್ಕಳು ಬೆಂಗಳೂರಿನಿಂದ ಬರುತ್ತಿದ್ದಾರೆ. ಮಾವನಿಗೆ ಗುಡ್ಡದ ದಾರಿಯಲ್ಲಿ ಕಾರು ಓಡಿಸೋದು ಅಂದರೆ ಪ್ರಾಣ. ಚಾರ್ಮಾಡಿ, ಆಗುಂಬೆ, ಮುಳ್ಳಯ್ಯನಗಿರಿ ಎಲ್ಲಾ ಸುತ್ತಿದ್ದಾರೆ. "ನಿಮ್ಮ ಕಡೆ ಬರೀ ಬಯಲು, ಎಲ್ಲಿಗೆ ಹೋಗೋದು?" ಅಂತ ಫೋನಿನಲ್ಲಿ ಕೇಳಿದರು. ಕೇಳಿ ಬೇಜಾರಾಯಿತು.

ನಮ್ಮಲ್ಲಿ ಘಟ್ಟ ಇಲ್ಲ, ನಿಜ. ಆದರೆ ಮಳೆ ನಿಂತು ಚಳಿ ಶುರುವಾಗೋ ಮುಂಚಿನ ಆ ಮೂರ್ನಾಲ್ಕು ವಾರ ನಮ್ಮ ಕಡೆ ಎಷ್ಟು ಚೆಂದ ಇರುತ್ತದೆ ಅನ್ನೋದು ಇಲ್ಲಿ ಇರೋರಿಗೆ ಗೊತ್ತು. ಬೇಸಿಗೆಯಲ್ಲಿ ಬಂದು ಬಿಸಿಲು ನೋಡಿ ಹೋದವರಿಗೆ ಅದು ಗೊತ್ತಾಗೋದೇ ಇಲ್ಲ. ಕೆರೆ ತುಂಬಿರುತ್ತದೆ, ಧೂಳು ಇರೋದಿಲ್ಲ, ದೂರದ ಗುಡ್ಡ ಕೂಡ ತೊಳೆದಿಟ್ಟ ಹಾಗೆ ಕಾಣುತ್ತದೆ.

ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರೋ ಹಾಗಿರಬೇಕು. ನನ್ನ ಮನಸ್ಸಿನಲ್ಲಿ ಇರೋದು ಚಿಂಚೋಳಿ, ಚಂದ್ರಂಪಳ್ಳಿ, ಕುಂಚಾವರಂ ಕಡೆಯ ದಾರಿ. ಬೀದರ್ ಮತ್ತು ಯಾದಗಿರಿಯವರು ನಿಮ್ಮ ಕಡೆಯದ್ದೂ ಹೇಳಿ. ರಸ್ತೆ, ಊಟ, ಯಾವ ಹೊತ್ತಿಗೆ ಎಲ್ಲಿರಬೇಕು, ಎಲ್ಲಾ ಬೇಕು. ಮಕ್ಕಳಿಗೆ ಹತ್ತು, ಹದಿಮೂರು ವಯಸ್ಸು.

ತೊಗರಿಹೊಲ (ಚಿಂಚೋಳಿ ತಾಲೂಕು)

ನಮ್ಮ ಕಡೆಗೇ ಬನ್ನಿ ಸರ್. ನೀವು ಹೇಳಿದ ದಾರಿ ಸರಿಯಾಗಿದೆ.

ಹುಮನಾಬಾದ್ ಹೆದ್ದಾರಿ ಹಿಡಿದು ಮಹಾಗಾಂವ ಕ್ರಾಸ್‌ನಲ್ಲಿ ಬಲಕ್ಕೆ ತಿರುಗಿ. ಕಲಬುರಗಿಯಿಂದ ಚಿಂಚೋಳಿಗೆ ಸುಮಾರು 85 ಕಿಲೋಮೀಟರ್. ಮೊದಲರ್ಧ ಬರೀ ಕಪ್ಪು ನೆಲ, ಎರಡೂ ಕಡೆ ತೊಗರಿ. ಇದನ್ನು ಬೇಗ ದಾಟಿಬಿಡಬೇಡಿ. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ತೊಗರಿ ಹೂ ಬಿಡುವ ಕಾಲ. ದೂರದಿಂದ ಹೊಲ ಪೂರ್ತಿ ಹಳದಿ. ಹತ್ತಿರ ಹೋಗಿ ಒಂದು ಹೂವನ್ನು ತಿರುಗಿಸಿ ನೋಡಿದರೆ ಹಳದಿ ಎಸಳಿನ ಬೆನ್ನ ಮೇಲೆ ಸಣ್ಣ ಸಣ್ಣ ಕೆಂಪು ಗೆರೆ ಇರುತ್ತವೆ. ಮಕ್ಕಳಿಗೆ ತೋರಿಸಿ. 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕ ಕಲಬುರಗಿ ತೊಗರಿ ಬೇಳೆ ಬೆಳೆಯುವುದು ಇಂಥ ಹೊಲದಲ್ಲೇ. ಬೆಂಗಳೂರಿನಲ್ಲಿ ಸಾರಿಗೆ ಹಾಕುವ ಬೇಳೆ ಗಿಡದಲ್ಲಿ ಹೇಗಿರುತ್ತದೆ ಅಂತ ಎಷ್ಟು ಮಕ್ಕಳು ನೋಡಿದ್ದಾರೆ?

ಒಂದು ಮಾತು. ಹೂ, ಕಾಯಿ ಕಿತ್ತು ಬಾಯಿಗೆ ಹಾಕಬೇಡಿ. ಆ ಹೊತ್ತಿಗೆ ಕಾಯಿಕೊರಕಕ್ಕೆ ಔಷಧಿ ಹೊಡೆದಿರುತ್ತೇವೆ. ಬದುವಿನ ಮೇಲೆ ನಡೆಯಿರಿ, ಸಾಲಿನೊಳಗೆ ಇಳಿಯಬೇಡಿ. ಹೊಲದಲ್ಲಿ ಯಾರಾದರೂ ಇದ್ದರೆ ಒಂದು ಮಾತು ಕೇಳಿ. ಬೇಡ ಅನ್ನೋರು ಯಾರೂ ಇಲ್ಲ. ಕೂತು ಬುತ್ತಿ ಬಿಚ್ಚಿ ಅಂತಾರೆ.

ಚಿಂಚೋಳಿ ಸಮೀಪ ಬಂದ ಹಾಗೆ ನೆಲ ಏರುಪೇರಾಗುತ್ತದೆ. ಅಲ್ಲಿಂದ ಮುಂದೆ ಗುಡ್ಡ, ಕಾಡು. ಚಂದ್ರಂಪಳ್ಳಿ ಅಣೆಕಟ್ಟು ಕಾಡಿನ ಒಳಗೇ ಇದೆ. ಮಳೆ ಚೆನ್ನಾಗಿ ಆದ ವರ್ಷ ಈ ಹೊತ್ತಿಗೆ ನೀರು ಗುಡ್ಡದ ಬುಡಕ್ಕೆ ತಾಗಿ ನಿಂತಿರುತ್ತದೆ. ಈ ಕಾಡನ್ನು 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಿಸಿದರು, ಸುಮಾರು 135 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣನೆಲದ ವನ್ಯಜೀವಿ ಧಾಮ ಅಂತ ಇದನ್ನು ಕರೆಯುತ್ತಾರೆ. ತೋಳ, ಕತ್ತೆಕಿರುಬ, ನರಿ, ಚಿಗರಿ, ಕೊಂಡಗುರಿ ಇವೆ. ಕಾಣಿಸುತ್ತವೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ. ನವಿಲು ಮಾತ್ರ ಕಂಡೇ ಕಾಣುತ್ತದೆ.

ಸ್ಟೇರಿಂಗ್ ಕಾಕಾ (ಕಲಬುರಗಿ)

ತಮ್ಮಾ, ನಾನು ಬಾಡಿಗೆ ಗಾಡಿ ಓಡಿಸುವವನು. ನಿನ್ನ ಮಾವನಿಗೆ ಘಟ್ಟದಲ್ಲಿ ಓಡಿಸಿ ಅಭ್ಯಾಸ ಇರಬಹುದು. ಆದರೆ ನಮ್ಮ ದಾರಿಯ ಗುಣ ಬೇರೆ. ತಿರುವು ಕಡಿಮೆ ಇರುವ ಕಾರಣ ಕಾಲು ತಾನಾಗೇ ಜೋರಾಗಿ ಒತ್ತುತ್ತದೆ. ತೊಂದರೆ ಆಗೋದೇ ಅಲ್ಲಿ.

ಅಕ್ಟೋಬರ್‌ನಲ್ಲಿ ಸೋಯಾ ಕಟಾವು. ಜನ ರಸ್ತೆ ಮೇಲೆ ರಾಶಿ ಹಾಕಿ ಒಣಗಿಸುತ್ತಾರೆ. ಕಣ ಮಾಡಿಕೊಳ್ಳೋಕೆ ಜಾಗ ಇಲ್ಲದವರು ಏನು ಮಾಡಬೇಕು? ಅರ್ಧ ರಸ್ತೆ ರಾಶಿ, ಸುತ್ತ ಕಲ್ಲು ಇಟ್ಟಿರುತ್ತಾರೆ. ಹಗಲಲ್ಲಿ ಕಾಣುತ್ತದೆ, ಸಂಜೆ ಆ ಕಲ್ಲು ಕಾಣೋದಿಲ್ಲ. ನವೆಂಬರ್ ಆದರೆ ಬೀದರ್ ಕಡೆ ಕಬ್ಬಿನ ಟ್ರ್ಯಾಕ್ಟರ್. ಒಂದರ ಹಿಂದೆ ಒಂದು ಎರಡು ಟ್ರೇಲರ್ ಕಟ್ಟಿರುತ್ತಾರೆ, ಹಿಂದೆ ಲೈಟ್ ಇರೋದಿಲ್ಲ. ಅಕ್ಟೋಬರ್ ಕೊನೆಗೆ ನಮ್ಮಲ್ಲಿ 6 ಗಂಟೆಗೆ ಮುಂಚೆನೇ ಸೂರ್ಯ ಮುಳುಗುತ್ತಾನೆ. ಐದಕ್ಕೆಲ್ಲ ಕಾಡು ಬಿಟ್ಟು ಈ ಕಡೆ ಬಂದುಬಿಡಿ. ಕತ್ತಲಲ್ಲಿ ಕಾಡುಪ್ರಾಣಿ ದಾಟುವ ರಸ್ತೆಯಲ್ಲಿ ನಮಗೇನು ಕೆಲಸ?

ಪೆಟ್ರೋಲ್ ಕಲಬುರಗಿಯಲ್ಲೇ ಫುಲ್ ಮಾಡಿಸು. ಟೈರ್ ಗಾಳಿ ನೋಡಿಸು, ಸ್ಟೆಪ್ನಿ ಗಾಳಿ ಕೂಡ. ಎಲ್ಲರೂ ಅದನ್ನೇ ಮರೆಯುತ್ತಾರೆ.

ಮತ್ತೆ, ದಸರಾ ಆಯಿತು ಅಂದರೆ ಮಳೆ ಹೋಯಿತು ಅಂತ ಅಲ್ಲ. 2020ರ ಅಕ್ಟೋಬರ್ ಮಧ್ಯದಲ್ಲಿ ಏನಾಯಿತು ನೆನಪಿದೆಯಾ? ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತಕ್ಕೆ ಭೀಮಾ, ಕಾಗಿಣಾ ಉಕ್ಕಿ ಊರಿಗೆ ಊರೇ ನೀರಾಯಿತು. ಹೊರಡುವ ಹಿಂದಿನ ದಿನ ಜೋರು ಮಳೆ ಆಗಿದ್ದರೆ ಸೇತುವೆ ವಿಚಾರಿಸಿಕೊಂಡು ಹೊರಡು. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಮೊಣಕಾಲುದ್ದ ಇದ್ದರೂ ಗಾಡಿ ಇಳಿಸಬಾರದು. ಹಿಂದಿರುಗಿ ಮನೆಗೆ ಬಂದು ಸುಸ್ಲಾ (ಮಂಡಕ್ಕಿ ಒಗ್ಗರಣೆ) ತಿನ್ನೋದು ಒಳ್ಳೇದು.

ಕೆಂಪುಕಲ್ಲು (ಬೀದರ್)

ಚಿಂಚೋಳಿ ಚೆಂದ, ಬೇಡ ಅನ್ನೋದಿಲ್ಲ. ಆದರೆ ಬೀದರ್ ದಾರಿಯನ್ನು ಯಾರೂ ಗುಡ್ಡದ ದಾರಿ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದು ನನಗೆ ಯಾವಾಗಲೂ ಬೇಸರ.

ನೋಡಿ, ಕಲಬುರಗಿ ಇರೋದು ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ಬೀದರ್ ಅದಕ್ಕಿಂತ 200 ಮೀಟರಿಗೂ ಮೇಲೆ. ಅಂದರೆ ಕಲಬುರಗಿಯಿಂದ ಬರುವವರು ಗೊತ್ತಿಲ್ಲದೆಯೇ ಹತ್ತುತ್ತಾ ಬರುತ್ತಾರೆ. ಕಾರಂಜಾ ನದಿ ದಾಟಿ ಬೀದರ್ ಹತ್ತಿರ ಬರುವಾಗ ಮಣ್ಣಿನ ಬಣ್ಣ ಗಮನಿಸಿ. ಕಪ್ಪು ಹೋಗಿ ಇಟ್ಟಿಗೆ ಕೆಂಪು ಬರುತ್ತದೆ. ಅಲ್ಲಿಂದ ನೀವು ಜಂಬಿಟ್ಟಿಗೆ ಕಲ್ಲಿನ ಮೇಲಿದ್ದೀರಿ.

ಈ ಕೆಂಪು ಕಲ್ಲಿನ ಗುಣವೇ ಬೇರೆ. ನೆಲದಿಂದ ಅಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಮೈತುಂಬ ತೂತು. ಮಳೆ ನೀರು ಅದರೊಳಗೆ ಇಳಿದು ಕೆಳಗಿನ ಕಪ್ಪು ಕಲ್ಲಿನ ಪದರಕ್ಕೆ ತಾಗಿ ನಿಲ್ಲುತ್ತದೆ. ಮುಂದೆ ಇಳಿಯೋಕೆ ದಾರಿ ಇಲ್ಲ. ಹಾಗಾಗಿ ಅಡ್ಡಡ್ಡ ಹರಿದು ಗುಡ್ಡದ ಅಂಚಿನಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಊರ ಸುತ್ತಲಿನ ಝರಣಿಗಳಿಗೆಲ್ಲ ಇದೇ ಮೂಲ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡುತ್ತೇವಲ್ಲ, ಅದೂ ಈ ಗುಡ್ಡದೊಳಗಿನ ನೀರೇ. ಬಹಮನಿ ಕಾಲದವರು ಈ ನೀರಿನ ಗುಟ್ಟು ಹಿಡಿದು, ಪರ್ಷಿಯಾದ ವಿದ್ಯೆ ಬಳಸಿ ನೌಬಾದ್‌ನಲ್ಲಿ ನೆಲದಡಿ ಸುರಂಗ ಬಾವಿ ತೋಡಿಸಿದರು. ಮೇಲಿನಿಂದ ಸಾಲಾಗಿ ಬಾವಿಗಳು, ಕೆಳಗೆ ಒಂದಕ್ಕೊಂದು ಸೇರಿಸುವ ಕಾಲುವೆ. ಪಂಪು ಇಲ್ಲ, ಏನೂ ಇಲ್ಲ. ಇಳಿಜಾರಿನಲ್ಲಿ ನೀರು ತಾನೇ ಹರಿದು ಬರುತ್ತಿತ್ತು.

ಮಳೆಗಾಲದಲ್ಲಿ ಕುಡಿದ ನೀರನ್ನು ಈ ನೆಲ ನಿಧಾನಕ್ಕೆ ಬಿಟ್ಟುಕೊಡುವ ಕಾಲ ಇದು. ಹಾಗಾಗಿ ಬೀದರ್ ನೋಡಬೇಕಾದರೆ ಮಳೆ ನಿಂತ ಮೇಲೇ ನೋಡಬೇಕು. ಸಂಜೆ ನಾಲ್ಕರ ಹೊತ್ತಿಗೆ ಕೋಟೆಯ ಉತ್ತರದ ಗೋಡೆಗೆ ಹೋಗಿ ನಿಲ್ಲಿ. ಗೋಡೆಯ ಕೆಳಗೆ ಗುಡ್ಡವೇ ಕಡಿದು ಬಿದ್ದ ಹಾಗಿದೆ, ಅದರಾಚೆ ಮಾಂಜ್ರಾ ನದಿ ಕಡೆಯ ತಗ್ಗು ಪೂರ್ತಿ ಹಸಿರು. ನಿಮ್ಮ ಮಾವನಿಗೆ ಮಾತು ನಿಂತು ಹೋಗಬೇಕು!

ಝರಣಿಗೆ ಹೋಗುವುದಾದರೆ ಒಳಗೆ ಬಿಡುತ್ತಿದ್ದಾರಾ ಅಂತ ಮೊದಲೇ ಕೇಳಿಕೊಂಡು ಹೋಗಿ. ಬೇರೆ ಬಟ್ಟೆ ಇರಲಿ.

ಸಗರನಾಡು (ಶಹಾಪುರ)

ಯಾದಗಿರಿ ಜಿಲ್ಲೆ ಅಂದ ತಕ್ಷಣ ಎಲ್ಲರೂ ಬಿಸಿಲು ಅಂತಾರೆ. ಬಂದು ನೋಡಿ ಮಾತಾಡಿ ಅಂತ ನಾನು ಅನ್ನೋದು.

ಜೇವರ್ಗಿ ದಾಟಿ ಶಹಾಪುರದ ಕಡೆ ಬನ್ನಿ. ಬೀದರ್‌ನ ಗುಡ್ಡ ಮೇಲೆ ಚಪ್ಪಟೆ. ನಮ್ಮದು ಹಾಗಲ್ಲ. ಬಂಡೆ ಮೇಲೆ ಬಂಡೆ. ಊರ ಹತ್ತಿರ ನಾಲ್ಕು ಗುಡ್ಡ ಸೇರಿ ಮಲಗಿದ ಬುದ್ಧನ ಆಕಾರ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಕಾಲು. ಊರ ಬದಿಯ ರಸ್ತೆಯಿಂದಲೇ ಕಾಣುತ್ತದೆ, ಎಲ್ಲಿಗೂ ಹತ್ತಬೇಕಾಗಿಲ್ಲ. ಕೃಷ್ಣಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಗುಡ್ಡದ ಬುಡದವರೆಗೂ ಭತ್ತ ಬೆಳೆಯುತ್ತೇವೆ. ಅಕ್ಟೋಬರ್‌ನಲ್ಲಿ ಮೇಲೆ ಬೂದು ಬಂಡೆ, ಕೆಳಗೆ ತೆನೆ ಬಗ್ಗಿದ ಭತ್ತ. ಇಂಥ ನೋಟ ನಿಮಗೆ ಕಲಬುರಗಿಯಲ್ಲಿ ಸಿಗೋದಿಲ್ಲ.

ಅಲ್ಲಿಂದ ಸುರಪುರ. ಅದೂ ಗುಡ್ಡದ ನಡುವಿನ ಊರು. 1857–58ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕರ ಊರು. ಅವರು ಬಾಲಕರಾಗಿದ್ದಾಗ ಇಲ್ಲಿದ್ದ ಅಧಿಕಾರಿ ಮೆಡೋಸ್ ಟೇಲರ್ ಗುಡ್ಡದ ಮೇಲೆ ಕಟ್ಟಿಸಿಕೊಂಡ ಮನೆ ಈಗಲೂ ಇದೆ, ಟೇಲರ್ ಮಂಜಿಲ್ ಅಂತಾರೆ. ಆತ ಯಾಕೆ ಅಲ್ಲೇ ಮನೆ ಕಟ್ಟಿಸಿದ ಅನ್ನೋದು ಅಂಗಳದಲ್ಲಿ ನಿಂತರೆ ತಿಳಿಯುತ್ತದೆ. ಹತ್ತಿರದಲ್ಲೇ ಬೋನಾಳ ಕೆರೆ, ಪಕ್ಷಿಧಾಮ. ಚಳಿ ಬಿದ್ದ ಮೇಲೆ ಬಂದರೆ ವಲಸೆ ಹಕ್ಕಿಗಳೂ ಇರುತ್ತವೆ.

ಕೆಂಪುಕಲ್ಲು (ಬೀದರ್)

ಸಗರನಾಡು ಅವರು ಬಂಡೆ ಮಾತು ಎತ್ತಿದ್ದು ಒಳ್ಳೇದಾಯಿತು. ನಮ್ಮ ಮೂರು ಜಿಲ್ಲೆಯಲ್ಲಿ ಉತ್ತರದಿಂದ ದಕ್ಷಿಣಕ್ಕೆ ಕಾರಿನಲ್ಲಿ ಬಂದರೆ ಕಲ್ಲು ಬದಲಾಗುತ್ತಾ ಹೋಗುತ್ತದೆ. ಬೀದರ್‌ನಲ್ಲಿ ಕೆಂಪು ಜಂಬಿಟ್ಟಿಗೆ. ಅದರ ಕೆಳಗೆ, ಕಲಬುರಗಿಯವರೆಗೂ, ಕಪ್ಪು ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಪದರ ಪದರವಾಗಿ ಹೆಪ್ಪುಗಟ್ಟಿದ್ದು. ನಮ್ಮ ಗುಡ್ಡ ಮೇಲೆ ಚಪ್ಪಟೆಯಾಗಿ, ಬದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣೋದು ಅದಕ್ಕೇ. ಇನ್ನೂ ದಕ್ಷಿಣಕ್ಕೆ ಶಹಾಬಾದ್, ವಾಡಿ, ಸೇಡಂ ಕಡೆ ಸುಣ್ಣಕಲ್ಲು. ಮನೆಗೆ ಹಾಸುವ ಶಹಾಬಾದ್ ಫರಸಿ, ಸಿಮೆಂಟ್ ಕಾರ್ಖಾನೆ ಎಲ್ಲಾ ಅದರಿಂದ. ಯಾದಗಿರಿ, ಶಹಾಪುರಕ್ಕೆ ಬಂದರೆ ಗ್ರಾನೈಟ್, ಸುಮಾರು 250 ಕೋಟಿ ವರ್ಷದ್ದು. ಒಂದು ದಿನದ ದಾರಿಯಲ್ಲಿ ಇಷ್ಟು ಕಾಲ ದಾಟುತ್ತೇವೆ. ಹದಿಮೂರು ವರ್ಷದ ಮಗುವಿಗೆ ಇದನ್ನು ಹೇಳಿ, ಪ್ರತಿ ಊರಿನಲ್ಲೂ ಒಂದೊಂದು ಸಣ್ಣ ಕಲ್ಲು ಆರಿಸಿಕೊಳ್ಳಲಿ. ಕೋಟೆ, ಗುಡಿ ಜಾಗದಲ್ಲಿ ಬೇಡ, ರಸ್ತೆ ಬದಿಯದ್ದು ಸಾಕು.

ದೂರದೂರು (ವರ್ಜೀನಿಯಾ, ಮೂಲ ಆಳಂದ)

ಇದನ್ನೆಲ್ಲ ಓದಿ ಊರು ನೆನಪಾಯಿತು. ನಾನಿರುವ ಕಡೆ ಈಗ ಎಲೆ ಬಣ್ಣ ತಿರುಗುವ ಕಾಲ. ಇಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇ ಅಂತ ಒಂದು ದಾರಿ ಇದೆ. ಗುಡ್ಡದ ಬೆನ್ನ ಮೇಲೇ ಸಾಗುತ್ತದೆ, ವರ್ಜೀನಿಯಾದಿಂದ ನಾರ್ತ್ ಕೆರೊಲಿನಾವರೆಗೆ 469 ಮೈಲಿ, ಅಂದರೆ ಸುಮಾರು 755 ಕಿಲೋಮೀಟರ್. 1935ರಲ್ಲಿ ಕೆಲಸ ಶುರುವಾಗಿ ಕೊನೆಯ ತುಂಡು ಮುಗಿದಿದ್ದು 1987ರಲ್ಲಿ.

ಅಕ್ಟೋಬರ್ ಶುರುವಿನಲ್ಲಿ ಮೊದಲು ತುದಿಯ ಮರಗಳು ಬಣ್ಣ ತಿರುಗುತ್ತವೆ. ದಿನ ಕಳೆದ ಹಾಗೆ ಆ ಬಣ್ಣ ಗುಡ್ಡ ಇಳಿದು ಬರುತ್ತದೆ, ತಗ್ಗಿಗೆ ಬರುವಾಗ ನವೆಂಬರ್. ಹಗಲು ಸಣ್ಣದಾಗಿ ರಾತ್ರಿ ತಂಪಾದಾಗ ಮರ ಎಲೆಗೆ ಹಸಿರು ತುಂಬೋದು ನಿಲ್ಲಿಸುತ್ತದೆ. ಒಳಗೆ ಮೊದಲೇ ಇದ್ದ ಹಳದಿ ಆಗ ಹೊರಗೆ ಕಾಣುತ್ತದೆ. ಕೆಂಪು ಮಾತ್ರ ಆ ಹೊತ್ತಿಗೆ ಎಲೆಯಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ಆಗುವಂಥದ್ದು.

ನಾನು ಹೇಳೋಕೆ ಬಂದಿದ್ದು ಎಲೆ ವಿಷಯ ಅಲ್ಲ, ರಸ್ತೆ ವಿಷಯ. ಆ ದಾರಿಯಲ್ಲಿ ಹೆಚ್ಚಿನ ಕಡೆ ವೇಗದ ಮಿತಿ ಗಂಟೆಗೆ 45 ಮೈಲಿ, ಸುಮಾರು 72 ಕಿಲೋಮೀಟರ್. ಸರಕು ಲಾರಿ ಬಿಡೋದಿಲ್ಲ. ಜಾಹೀರಾತು ಫಲಕ ಇಲ್ಲ. ಅಲ್ಲಲ್ಲಿ ಗುಡ್ಡದ ಅಂಚಿಗೆ ಕಾರು ಪಕ್ಕಕ್ಕೆ ಹಾಕಿ ಇಳಿದು ನೋಡೋಕೆ ಜಾಗ ಮಾಡಿದ್ದಾರೆ. ಅಷ್ಟೇ. ಅಂಗಡಿ ಸಾಲು ಇಲ್ಲ. ಜನ ಇಳಿಯುತ್ತಾರೆ, ನಿಲ್ಲುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. 2024ರ ಸೆಪ್ಟೆಂಬರ್ ಕೊನೆಗೆ ಹೆಲೀನ್ ಚಂಡಮಾರುತಕ್ಕೆ ಗುಡ್ಡ ಕುಸಿದು ಅದರಲ್ಲೂ ದೊಡ್ಡ ಭಾಗ ಮುಚ್ಚಿತ್ತು. ಕಾಕಾ ಮಳೆ ಬಗ್ಗೆ ಹೇಳಿದ ಮಾತು ಎಲ್ಲಾ ಕಡೆಗೂ ಅನ್ವಯಿಸುತ್ತದೆ.

ಕುಂಚಾವರಂ ದಾರಿಯಲ್ಲೂ ನಾಲ್ಕು ಕಡೆ ಹೀಗೆ ಕಾರು ನಿಲ್ಲಿಸೋಕೆ ಜಾಗ ಇದ್ದರೆ ಸಾಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಅಪ್ಪನ ಕೆರೆ (ಕಲಬುರಗಿ)

ದೂರದೂರು ಅಣ್ಣ, ಎಲೆ ಬಣ್ಣ ತಿರುಗೋದು ನಮ್ಮ ಕಾಡಿನಲ್ಲೂ ಇದೆಯಾ? ನಮ್ಮಲ್ಲಿ ಮರ ಬೋಳಾಗೋದು ಬೇಸಿಗೆ ಹತ್ತಿರ ಬಂದಾಗ ಅಂತ ನನ್ನ ತಿಳುವಳಿಕೆ. ಚಿಂಚೋಳಿಯವರು ಹೇಳಬೇಕು.

ತೊಗರಿಹೊಲ (ಚಿಂಚೋಳಿ ತಾಲೂಕು)

ನಿಮ್ಮ ತಿಳುವಳಿಕೆ ಸರಿ. ತೇಗ, ಮುತ್ತುಗ ಎಲ್ಲಾ ಎಲೆ ಉದುರಿಸೋದು ಚಳಿ ಮುಗಿಯುವಾಗ. ನೀರು ಸಾಲದೆ ಉದುರಿಸುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆಯಿಲ್ಲದ ಕೊಂಬೆಯಲ್ಲಿ ಮುತ್ತುಗದ ಕೆಂಪು ಹೂ ಬರುತ್ತದೆ, ಅದು ಬೇರೆಯೇ ಸೊಗಸು.

ಆದರೆ ಅಕ್ಟೋಬರ್‌ನಲ್ಲಿ ತೇಗದ ಎಲೆ ನೋಡಿ. ಒಂದು ಸಣ್ಣ ಹುಳು ಎಲೆಯ ಹಸಿರನ್ನು ಮಾತ್ರ ತಿಂದು ನರ ಬಿಟ್ಟಿರುತ್ತದೆ. ಮೊರದಗಲದ ಎಲೆ, ಪೂರ್ತಿ ಜಾಲರಿ. ಬಿಸಿಲಿಗೆ ಹಿಡಿದರೆ ಆಚೆ ಕಡೆ ಎಲ್ಲಾ ಕಾಣುತ್ತದೆ. ದೂರದಿಂದ ಕಾಡಿನ ಒಂದೊಂದು ಭಾಗ ಕಂದು ಬಣ್ಣಕ್ಕೆ ತಿರುಗಿದ ಹಾಗೆ ಇರುತ್ತದೆ. ಗೊತ್ತಿಲ್ಲದವರು ಮರ ಸತ್ತಿದೆ ಅಂದುಕೊಳ್ಳುತ್ತಾರೆ. ಸತ್ತಿಲ್ಲ, ಮತ್ತೆ ಚಿಗುರುತ್ತದೆ. ಎಳೆ ಎಲೆ ಒಂದನ್ನು ಅಂಗೈಯಲ್ಲಿ ತಿಕ್ಕಿದರೆ ಕೈ ಕೆಂಪಾಗುತ್ತದೆ. ನಾವು ಚಿಕ್ಕವರಿದ್ದಾಗ ಇದೇ ನಮ್ಮ ಮೆಹಂದಿ. ಕಾಡಿನೊಳಗೆ ಕಿತ್ತುಕೊಳ್ಳಬೇಡಿ, ಹೊಲದ ಬದುವಿನಲ್ಲೂ ತೇಗ ಇರುತ್ತದೆ.

ತಾಂಡಾ ಹುಡುಗಿ (ಕುಂಚಾವರಂ ಕಡೆ)

ನಾನು ಆ ಕಾಡಿನ ಪಕ್ಕದ ಲಂಬಾಣಿ ತಾಂಡಾದವಳು. ಈಗ ಕಲಬುರಗಿಯಲ್ಲಿ ಕೆಲಸ. ದೀಪಾವಳಿಗೆ ತಪ್ಪದೆ ಊರಿಗೆ ಹೋಗುತ್ತೇನೆ.

ಎಲ್ಲರೂ ಕಲ್ಲು, ಮರ, ರಸ್ತೆ ಅಂದಿರಿ. ಹೂವಿನ ಮಾತು ಯಾರೂ ಎತ್ತಲಿಲ್ಲ. ಈ ಕಾಲದಲ್ಲಿ ದಾರಿ ಬದಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿ ತಂಗಡಿ ಹೂ ಬಿಟ್ಟಿರುತ್ತದೆ. ಅಚ್ಚ ಹಳದಿ. ನವರಾತ್ರಿಗೆ ಗಡಿಯಾಚೆ ತೆಲಂಗಾಣದಲ್ಲಿ ಬತುಕಮ್ಮ ಹಬ್ಬದ ಹೂಗೋಪುರ ಕಟ್ಟುವುದು ಇದೇ ಹೂವಿನಿಂದ. ನಮ್ಮ ಗಡಿ ಹಳ್ಳಿಗಳಲ್ಲೂ ಬತುಕಮ್ಮ ಆಡುತ್ತಾರೆ. ನಮ್ಮ ತಾಂಡಾಗಳಲ್ಲಿ ದೀಪಾವಳಿಗೆ ಮೇರಾ. ಅಮಾವಾಸ್ಯೆ ರಾತ್ರಿ ಮದುವೆಯಾಗದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಹಾಡಿ ಹಾರೈಸುತ್ತೇವೆ. ಮರುದಿನ ಹೊಸ ಬಟ್ಟೆ ಹಾಕಿ ಕಾಡಿಗೆ ಹೋಗಿ ಹೂ ತರುತ್ತೇವೆ. ಹೋಗುವಾಗಲೂ ಹಾಡು, ಬರುವಾಗಲೂ ಹಾಡು. ಆ ದಿನ ಆ ದಾರಿಯಲ್ಲಿ ಬಂದರೆ ಬುಟ್ಟಿ ಹಿಡಿದ ಹುಡುಗಿಯರ ಸಾಲು ಕಾಣುತ್ತದೆ. ದಯವಿಟ್ಟು ಕಾರಿನ ಕಿಟಕಿಯಿಂದ ಮೊಬೈಲ್ ಚಾಚಿ ವಿಡಿಯೋ ಮಾಡಬೇಡಿ. ಹಬ್ಬ ನಮ್ಮದು. ಇಳಿದು ಬಂದು ಮಾತಾಡಿಸಿ, ಆಮೇಲೆ ಕೇಳಿ ಫೋಟೋ ತೆಗೆಯಿರಿ.

ಮತ್ತೆ ಸೀತಾಫಲ! ಅಕ್ಟೋಬರ್‌ನಲ್ಲಿ ದಾರಿಯುದ್ದಕ್ಕೂ ನಮ್ಮ ಅವ್ವಂದಿರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಗುಡ್ಡದಲ್ಲಿ ತಾನಾಗಿ ಬೆಳೆದ ಹಣ್ಣು. ಗಾತ್ರ ಸಣ್ಣದು, ಬೀಜ ಜಾಸ್ತಿ, ಆದರೆ ಅಷ್ಟು ಸಿಹಿ ಪೇಟೆ ಹಣ್ಣಿಗೆ ಬರೋದಿಲ್ಲ. ಕೊಳ್ಳುವಾಗ ಕಣ್ಣು ಬಿಟ್ಟ ಕಾಯಿ ನೋಡಿ. ಗುಬುಟುಗಳ ನಡುವಿನ ಗೆರೆ ಅಗಲವಾಗಿ ಬಿಳಿ-ಹಳದಿ ಆಗಿದ್ದರೆ ಅದು ಬಲಿತಿದೆ, ಎರಡು ಮೂರು ದಿನಕ್ಕೆ ಹಣ್ಣಾಗುತ್ತದೆ. ಗೆರೆ ಹಸಿರಾಗಿ ಇಕ್ಕಟ್ಟಾಗಿದ್ದರೆ ಎಷ್ಟು ದಿನ ಇಟ್ಟರೂ ಹಣ್ಣಾಗದೆ ಕಪ್ಪಾಗುತ್ತದೆ. ಚೌಕಾಶಿ ಮಾಡಬೇಡಿ. ಬೆಳಗಿನ ಜಾವ ಗುಡ್ಡ ಹತ್ತಿ ಕಿತ್ತು ತಂದಿರುತ್ತಾರೆ.

ಚಿಗರಿ (ಬೀದರ್)

ನನ್ನ ಮಾತು ಕೆಲವರಿಗೆ ಹಿಡಿಸದೇ ಇರಬಹುದು. ಇಷ್ಟೆಲ್ಲ ವಿವರ ಬರೆದು ಆ ಜಾಗಕ್ಕೆ ಜನ ಕರೆಯಬೇಕಾ? ಚಿಂಚೋಳಿ ಕಡೆಯ ಎತ್ತಿಪೋತ ಜಲಪಾತ ಮೊದಲು ಸುತ್ತಲಿನ ಹಳ್ಳಿಯವರಿಗೆ ಮಾತ್ರ ಗೊತ್ತಿತ್ತು. ರೀಲ್ಸ್ ಬಂದ ಮೇಲೆ ಭಾನುವಾರ ಹೋಗಿ ನೋಡಿ. ಬಾಟಲಿ, ಚಿಪ್ಸ್ ಪಾಕೆಟ್, ಸ್ಪೀಕರ್ ಹಾಡು. ನಾನು ಹಕ್ಕಿ ನೋಡುವವನು. ಸ್ಪೀಕರ್ ಹಚ್ಚಿದ ಕಡೆ ಒಂದು ಹಕ್ಕಿಯೂ ನಿಲ್ಲೋದಿಲ್ಲ. ತೋಳ, ಕತ್ತೆಕಿರುಬ ಮೊದಲೇ ಕಡಿಮೆ. ಅವಕ್ಕೆ ಉಳಿದಿರುವ ಜಾಗವೇ ಇಷ್ಟು. ಕೆಲವು ಜಾಗದ ಬಗ್ಗೆ ಸುಮ್ನೆ ಇರೋದೇ ಅದಕ್ಕೆ ನಾವು ಮಾಡುವ ಉಪಕಾರ ಅಲ್ವಾ?

ತಾಂಡಾ ಹುಡುಗಿ (ಕುಂಚಾವರಂ ಕಡೆ)

ಚಿಗರಿ ಅಣ್ಣ, ಬಾಟಲಿ ಚೂರು ನಮ್ಮ ಮೇಕೆಗಳ ಕಾಲಿಗೆ ಚುಚ್ಚುತ್ತದೆ. ನಮಗೆ ಸಿಟ್ಟು ನಿಮಗಿಂತ ಜಾಸ್ತಿ.

ಆದರೆ ಯಾರೂ ಬರಬಾರದು ಅಂತ ನಾನು ಹೇಳಲಾರೆ. ನಮ್ಮ ತಾಂಡಾಗಳಿಂದ ಜನ ವರ್ಷದಲ್ಲಿ ಅರ್ಧ ಕಾಲ ಪುಣೆ, ಮುಂಬೈ, ಹೈದರಾಬಾದ್‌ಗೆ ಗುಳೆ ಹೋಗುತ್ತಾರೆ. ಅವ್ವಂದಿರು ಸೀತಾಫಲದ ಕಾಲದಲ್ಲಿ ನಾಲ್ಕು ಕಾಸು ಮಾಡಿಕೊಳ್ಳೋದು ದಾರಿಯಲ್ಲಿ ಕಾರು ನಿಂತರೆ ಮಾತ್ರ. ಜನ ಬರಲಿ, ಹೇಗೆ ಬರಬೇಕು ಅಂತ ಹೇಳಿಕೊಟ್ಟು ಕರೆಯೋಣ. ಈ ಚರ್ಚೆಯಲ್ಲಿ ಅದನ್ನೇ ಮಾಡುತ್ತಿದ್ದೇವೆ ಅಂತ ನನಗೆ ಅನಿಸುತ್ತದೆ.

ಚಿಗರಿ (ಬೀದರ್)

ಗುಳೆ ಮಾತು ಒಪ್ಪುತ್ತೇನೆ ತಂಗಿ. ಹಾಗಾದರೆ ಒಂದು ಕೇಳಿಕೊಳ್ಳುತ್ತೇನೆ. ಇಲ್ಲಿ ಓದಿ ಹೋಗುವವರು ಡಾಂಬರು ರಸ್ತೆ ಬಿಟ್ಟು ಕಾಡಿನೊಳಗೆ ಗಾಡಿ ಇಳಿಸಬಾರದು. ಅಣೆಕಟ್ಟಿನ ನೀರಿಗೆ ಇಳಿಯಬಾರದು. ಮೇಲೆ ಶಾಂತವಾಗಿ ಕಂಡರೂ ತಳದಲ್ಲಿ ಕೆಸರು ಮತ್ತು ಮುಳುಗಿದ ಮರದ ಬೊಡ್ಡೆ ಇರುತ್ತವೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಕೇಳಿಯೇ ಒಳಗೆ ಹೋಗಬೇಕು. ಪ್ರಾಣಿ ಕಂಡರೆ ಎಂಜಿನ್ ಆಫ್ ಮಾಡಿ ಕಾರಿನಲ್ಲೇ ಕೂತು ನೋಡಿ, ಆ ಜಾಗವನ್ನು ಲೊಕೇಶನ್ ಹಾಕಿ ಹಂಚಬೇಡಿ. ಅಷ್ಟು ಮಾಡಿದರೆ ನನ್ನ ತಕರಾರಿಲ್ಲ.

ಸಗರನಾಡು (ಶಹಾಪುರ)

ನಮ್ಮ ಬುದ್ಧನ ಗುಡ್ಡಕ್ಕೂ ಇದೇ ಮಾತು ಅನ್ವಯ. ನೋಡೋಕೆ ಎದುರಿನ ರಸ್ತೆಯೇ ಸರಿ. ಮೇಲೆ ಹತ್ತಿ ಬಂಡೆ ಮೇಲೆ ಬಣ್ಣದಲ್ಲಿ ಹೆಸರು ಬರೆಯುವವರನ್ನು ಕಂಡರೆ ಎದೆ ಉರಿಯುತ್ತದೆ.

ಅಪ್ಪನ ಕೆರೆ (ಕಲಬುರಗಿ)

ಎಲ್ಲರಿಗೂ ಮನಸ್ಸು ತುಂಬಿ ನಮಸ್ಕಾರ. ಅಕ್ಕನಿಗೂ ಇದನ್ನು ಓದಿ ಹೇಳಿದೆ. ಈ ಸಲ ಚಿಂಚೋಳಿ ದಾರಿ ಗಟ್ಟಿ. ಬೀದರ್‌ಗೆ ಇನ್ನೊಂದು ದಿನ ಬೇರೆಯೇ ಇಡಬೇಕು. ಒಂದೇ ದಿನ ಎರಡನ್ನೂ ತುರುಕಿದರೆ ಕಾರಿನಲ್ಲಿ ಕೂತಿದ್ದಷ್ಟೇ ಆಗುತ್ತದೆ. ಶಹಾಪುರ, ಸುರಪುರಕ್ಕೆ ಚಳಿಗಾಲದಲ್ಲಿ ಬರುತ್ತೇವೆ, ಬೋನಾಳ ಹಕ್ಕಿ ಸೇರಿಸಿಕೊಂಡು.

ಓದುತ್ತಾ ಒಂದು ವಿಷಯ ನನಗೆ ಸ್ಪಷ್ಟವಾಯಿತು. ಮಲೆನಾಡಿನ ಘಟ್ಟದಲ್ಲಿ ದಾರಿಯೇ ನೋಟ. ಪ್ರತಿ ತಿರುವಿಗೂ ಏನೋ ಒಂದು ಎದುರಿಗೆ ಬರುತ್ತದೆ. ನಮ್ಮಲ್ಲಿ ಬಯಲೇ ಮುಗಿಯದ ಹಾಗೆ ಹೋಗುತ್ತಿರುತ್ತದೆ, ಒಂದು ಕಡೆ ತಟಕ್ಕನೆ ನೆಲ ಇಳಿಯುತ್ತದೆ. ಆ ಅಂಚಿನಲ್ಲಿ ನಿಲ್ಲಬೇಕು. ಓಡಿಸಿಕೊಂಡು ಹೋದವರಿಗೆ ಬಯಲು ಮಾತ್ರ ಕಾಣುತ್ತದೆ. ಮಾವ ಬಯಲು ಅಂದಿದ್ದು ಅದಕ್ಕೇ ಇರಬೇಕು. ಅವರು ನಮ್ಮ ಕಡೆ ಯಾವತ್ತೂ ಹೆದ್ದಾರಿ ಬಿಟ್ಟು ಇಳಿದಿಲ್ಲ.

ದೂರದೂರು ಅಣ್ಣ ಹೇಳಿದ ನಿಲ್ಲುವ ಜಾಗದ ಮಾತು ತುಂಬಾ ಹಿಡಿಸಿತು. ಪ್ರವಾಸೋದ್ಯಮ ಅಂದ ಕೂಡಲೇ ನಮ್ಮಲ್ಲಿ ಕಾಂಕ್ರೀಟ್ ಕಮಾನು, ಸಿಮೆಂಟಿನ ಜಿಂಕೆ, ಬಣ್ಣದ ಲೈಟ್ ಅನ್ನೋ ಯೋಚನೆ ಬರುತ್ತದೆ. ನನ್ನ ಕೇಳಿದರೆ ಅದ್ಯಾವುದೂ ಬೇಡ. ಕಾಡಿನ ಹೊರಗಿನ ರಸ್ತೆಯಲ್ಲಿ ನಾಲ್ಕು ಕಾರು ನಿಲ್ಲುವಷ್ಟು ಮುರುಮ್ ಹಾಕಿದ ಜಾಗ, ಅಂಚಿಗೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಒಂದು ಕಸದ ತೊಟ್ಟಿ. ಅದನ್ನು ಖಾಲಿ ಮಾಡುವ ಕೆಲಸ ತಾಂಡಾದವರಿಗೇ ಸಂಬಳ ಕೊಟ್ಟು ವಹಿಸಲಿ. ಪಕ್ಕದಲ್ಲಿ ಹಣ್ಣು ಮಾರುವ ಅವ್ವಂದಿರಿಗೆ ಒಂದು ನೆರಳಿನ ಚಪ್ಪರ. ಕಾಡಿನೊಳಗೆ ಇಟ್ಟಿಗೆ ಕೂಡ ಇಡಬಾರದು. ಗ್ರಾಮ ಪಂಚಾಯಿತಿಗೆ ಒಂದು ಅರ್ಜಿ ಬರೆಯೋಣವಾ? ತೊಗರಿಹೊಲ ಅವರು, ತಾಂಡಾದ ತಂಗಿ ಇಬ್ಬರೂ ಸೇರಿದರೆ ನಾನು ಕರಡು ಮಾಡುತ್ತೇನೆ.

ಇನ್ನೊಂದು ಪ್ರಶ್ನೆ. ಊಟ ಎಲ್ಲಿ?

ಸ್ಟೇರಿಂಗ್ ಕಾಕಾ (ಕಲಬುರಗಿ)

ಬುತ್ತಿ ಕಟ್ಟಿಕೊಂಡು ಹೋಗು ತಮ್ಮಾ. ಕಾಡಿನ ಕಡೆ ಹೋಟೆಲು ನಂಬಿಕೊಂಡರೆ ಮಕ್ಕಳು ಹಸಿಯುತ್ತವೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಪುಂಡಿ ಪಲ್ಯ. ಮೊಸರು ಬೇರೆ ಡಬ್ಬಿಯಲ್ಲಿ. ಬೆಳಿಗ್ಗೆ ಊರು ಬಿಡುವ ಮುಂಚೆ ಬಿಸಿ ಸುಸ್ಲಾ, ಮಿರ್ಚಿ ಭಜಿ ತಿನ್ನಿಸು. ಮಹಾಗಾಂವ ಕ್ರಾಸ್‌ನಲ್ಲಿ ತಿರುಗದೆ ಹೆದ್ದಾರಿಯಲ್ಲೇ ಸ್ವಲ್ಪ ಮುಂದೆ ಹೋದರೆ ಕಮಲಾಪುರ. ಅಲ್ಲಿಯ ಕೆಂಪು ಬಾಳೆಗೂ ಜಿಐ ಟ್ಯಾಗ್ ಇದೆ. ಬೀದರ್‌ಗೆ ಹೋಗುವ ದಿನ ಅದನ್ನು ಕೊಂಡುಕೊಳ್ಳು.

ತೊಗರಿಹೊಲ (ಚಿಂಚೋಳಿ ತಾಲೂಕು)

ಅರ್ಜಿಗೆ ನಾನು ಸಿದ್ಧ. ಕರಡು ಹಾಕಿ, ಪಂಚಾಯಿತಿ ಸದಸ್ಯರನ್ನು ನಾನೇ ಕಂಡು ಮಾತಾಡುತ್ತೇನೆ. ರಸ್ತೆ ಬದಿಯ ಜಮೀನು ಕೆಲವು ಕಡೆ ಖಾಸಗಿ, ಕೆಲವು ಕಡೆ ಅರಣ್ಯದ್ದು. ಅದನ್ನು ಮೊದಲು ಪಹಣಿ ನೋಡಿ ಖಚಿತ ಮಾಡಿಕೊಳ್ಳಬೇಕು.

ತಾಂಡಾ ಹುಡುಗಿ (ಕುಂಚಾವರಂ ಕಡೆ)

ನಾನೂ ಇದ್ದೇನೆ. ದೀಪಾವಳಿಗೆ ಊರಿಗೆ ಹೋದಾಗ ನಾಯಕರ ಹತ್ತಿರ, ಹಣ್ಣು ಮಾರುವವರ ಹತ್ತಿರ ಮಾತಾಡಿ ಯಾವ ಜಾಗ ಅವರಿಗೆ ಅನುಕೂಲ ಅಂತ ಇಲ್ಲೇ ಬರೆಯುತ್ತೇನೆ. ಅ‌ರ್ಜಿಯಲ್ಲಿ ಚಪ್ಪರದ ಜೊತೆ ಕುಡಿಯುವ ನೀರು ಮತ್ತು ಹೆಂಗಸರಿಗೆ ಶೌಚಾಲಯ ಕೂಡ ಸೇರಿಸಿ. ಇಡೀ ದಿನ ರಸ್ತೆಯಲ್ಲಿ ಕೂತಿರುವವರಿಗೆ ಅದೇ ದೊಡ್ಡ ಕಷ್ಟ.

ಅಪ್ಪನ ಕೆರೆ (ಕಲಬುರಗಿ)

ಸೇರಿಸುತ್ತೇನೆ ತಂಗಿ. ಅದನ್ನೇ ಮೊದಲು ಬರೆಯುತ್ತೇನೆ. ಭಾನುವಾರದೊಳಗೆ ಕರಡು ಇಲ್ಲಿ ಹಾಕುತ್ತೇನೆ, ಎಲ್ಲರೂ ತಿದ್ದಿ.